ವಾದಬರಹ: ಮದರಾಸಿನ ಪರಂಪರೆ

ಒಂದು ನಿಲುವನ್ನು ಕಾರಣ, ಸಾಕ್ಷ್ಯ, ಎದುರಾಳಿಯ ಮಾತಿಗೆ ಉತ್ತರ ಇವುಗಳೊಡನೆ ಮಂಡಿಸಿ ಓದುಗರನ್ನೋ ಕೇಳುಗರನ್ನೋ ಒಪ್ಪಿಸಲು ಹೊರಡುವ ಬರಹ. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಮೊದಲು ಹೇಳಿ ಸಿದ್ಧಾಂತಕ್ಕೆ ಬರುವ ಶಾಸ್ತ್ರಕ್ರಮ ದಕ್ಷಿಣದಲ್ಲಿ ಹಳೆಯದು. ತಮಿಳಿನ ‘ಮಣಿಮೇಖಲೈ’ ಕಾವ್ಯದ ನಾಯಕಿ ಬೇರೆ ಬೇರೆ ಮತದವರ ವಾದಗಳನ್ನು ಸರದಿಯಾಗಿ ಕೇಳುತ್ತಾಳೆ. ಅಚ್ಚಿನ ಕಾಲದ ಮದರಾಸಿನಲ್ಲಿ (ಇಂದಿನ ಚೆನ್ನೈ) ಒಪ್ಪಿಸಬೇಕಾದವರು ಬದಲಾದಂತೆ ವಾದದ ಭಾಷೆಯೂ ಬದಲಾಯಿತು.

ಮೊದಲು ಒಪ್ಪಿಸಬೇಕಾಗಿದ್ದುದು ಸರ್ಕಾರವನ್ನು. ವ್ಯಾಪಾರಿ ಗಾಜುಲ ಲಕ್ಷ್ಮೀನರಸು ಚೆಟ್ಟಿ 1844ರಲ್ಲಿ ‘ಕ್ರೆಸೆಂಟ್’ ಎಂಬ ಇಂಗ್ಲಿಷ್ ಪತ್ರಿಕೆ ಹೊರಡಿಸಿದರು. ಚೆಟ್ಟಿಯವರ ಮದರಾಸ್ ನೇಟಿವ್ ಅಸೋಸಿಯೇಷನ್ 1852ರಿಂದ ಲಂಡನ್ನಿನ ಪಾರ್ಲಿಮೆಂಟಿಗೆ ಅಹವಾಲು ಕಳಿಸತೊಡಗಿತು. ಕಂದಾಯ ವಸೂಲಿಗಾಗಿ ರೈತರಿಗೆ ಚಿತ್ರಹಿಂಸೆ ಕೊಡುತ್ತಾರೆಂಬುದು ಸಂಘದ ದೂರುಗಳಲ್ಲೊಂದು. ಅರ್ಜಿಯಲ್ಲಿ ಸಿಟ್ಟಿಗೆ ಜಾಗವಿಲ್ಲ, ಬೆಲೆ ಸಾಕ್ಷ್ಯಕ್ಕೆ. 1853ರಲ್ಲಿ ಸಂಸದ ಡ್ಯಾನ್ಬಿ ಸೀಮೋರ್ ಬಂದಾಗ ಚೆಟ್ಟಿಯವರು ಅವರನ್ನು ಹಳ್ಳಿಗಳಿಗೇ ಕರೆದೊಯ್ದರು. ಮರುವರ್ಷ ನೇಮಕವಾದ ಆಯೋಗ 1855ರಲ್ಲಿ ಕೊಟ್ಟ ವರದಿ ಹಿಂಸೆ ನಡೆಯುತ್ತಿದ್ದುದನ್ನು ಒಪ್ಪಿಕೊಂಡಿತು.

ಖಂಡನೆಯ ಬರಹಕ್ಕೆ ನೆಲೆ ಕೊಟ್ಟದ್ದು ‘ದಿ ಹಿಂದೂ’ ಪತ್ರಿಕೆ. ಟಿ. ಮುತ್ತುಸ್ವಾಮಿ ಅಯ್ಯರ್ 1878ರಲ್ಲಿ ಹೈಕೋರ್ಟ್ ನ್ಯಾಯಾಧೀಶರಾದಾಗ, ಭಾರತೀಯರೊಬ್ಬರಿಗೆ ಆ ಹುದ್ದೆ ಸಿಕ್ಕಿತೆಂದು ಆಂಗ್ಲರ ಪತ್ರಿಕೆಗಳು ಆಕ್ಷೇಪಿಸಿದವು. ಉತ್ತರ ಕೊಡಲು ಜಿ. ಸುಬ್ರಹ್ಮಣ್ಯ ಅಯ್ಯರ್, ಎಂ. ವೀರರಾಘವಾಚಾರಿಯರ್ ಮತ್ತು ನಾಲ್ವರು ಕಾನೂನು ವಿದ್ಯಾರ್ಥಿಗಳು ಒಂದು ರೂಪಾಯಿ ಹನ್ನೆರಡಾಣೆ ಸಾಲ ಮಾಡಿ ಸೆಪ್ಟೆಂಬರ್ 20ರಂದು ಅದರ 80 ಪ್ರತಿ ಅಚ್ಚು ಹಾಕಿಸಿದರು. ಇಂಗ್ಲಿಷಿನಲ್ಲಿ ವಾದಿಸಿದರೆ ಇಂಗ್ಲಿಷ್ ಬಲ್ಲವರಷ್ಟೇ ಒಪ್ಪಿಯಾರು. ಸುಬ್ರಹ್ಮಣ್ಯ ಅಯ್ಯರ್ 1882ರಲ್ಲಿ ತಮಿಳಿನ ‘ಸ್ವದೇಶಮಿತ್ರನ್’ ತೆಗೆದರು. ವೀರರಾಘವಾಚಾರಿಯರ್ ಕಾಂಗ್ರೆಸ್ಸಿನ ಧ್ಯೇಯಗಳನ್ನು ತಮಿಳಿನಲ್ಲಿ ಪ್ರಶ್ನೋತ್ತರವಾಗಿ ಬರೆದರು. 1887ರ ಮದರಾಸ್ ಅಧಿವೇಶನದ ಹೊತ್ತಿಗೆ ಅದು ಜನರ ಕೈಗೆ ಬಂದಿತ್ತು. ಪಾದ್ರಿಗಳು ಮತಬೋಧೆಗೆ ಬಳಸುತ್ತಿದ್ದ ರೂಪವಿದು. ಓದುಗನ ಅನುಮಾನವನ್ನು ಲೇಖಕನೇ ಕೇಳಿ, ಲೇಖಕನೇ ಪರಿಹರಿಸುತ್ತಾನೆ. ಪೂರ್ವಪಕ್ಷವೇ ಸರಳ ವೇಷದಲ್ಲಿ ಬಂದಿತೆನ್ನಬಹುದು.

ಅಚ್ಚಿನ ವಾದ ವೇದಿಕೆಗೂ ಏರಿತು. 1907ರ ಮೇ ತಿಂಗಳಲ್ಲಿ ಬಂಗಾಳದ ನಾಯಕ ಬಿಪಿನ್ ಚಂದ್ರ ಪಾಲ್ ಮದರಾಸಿನ ಕಡಲತೀರದಲ್ಲಿ ಸಂಜೆ ಸಂಜೆ ಭಾಷಣ ಮಾಡಿದರು, ಅದೂ ಇಂಗ್ಲಿಷಿನಲ್ಲಿ. ಮರಳ ಮೇಲೆ ಕೂತವರಿಗೆ ಅವರವರ ಮಾತಿನಲ್ಲೇ ಹೇಳಬೇಕೆಂಬುದು ನಂತರದ ವರ್ಷಗಳಲ್ಲಿ ರೂಢಿಯಾಯಿತು. ತಮಿಳು ವೇದಿಕೆಯನ್ನು ಅದರ ತುತ್ತತುದಿಗೆ ಒಯ್ದವರು ಪಚ್ಚೈಯಪ್ಪ ಕಾಲೇಜಿನಲ್ಲಿ ಓದಿದ, ದ್ರಾವಿಡ ಚಳವಳಿಯ ನಾಯಕ ಸಿ. ಎನ್. ಅಣ್ಣಾದುರೈ. 1943ರಲ್ಲಿ ಮದರಾಸಿನ ಲಾ ಕಾಲೇಜಿನಲ್ಲಿ ಅವರು ಕಂಬರಾಮಾಯಣದ ವಿರುದ್ಧ ವಾದಿಸಿದರು. ಕಾವ್ಯದ ಪರ ನಿಂತವರು ವಿದ್ವಾಂಸ ರಾ. ಪಿ. ಸೇತುಪಿಳ್ಳೈ. ಅಣ್ಣಾ ಅವರ ಶೈಲಿಗೆ ‘ಅಡುಕ್ಕುಮೊಳಿ’, ಅಂದರೆ ಪೇರಿಸಿದ ಮಾತು, ಎಂದು ಹೆಸರು. ಅವರ ಘೋಷಣೆಯನ್ನೇ ನೋಡಿ: ಕಡಮೈ, ಕಣ್ಣಿಯಂ, ಕಟ್ಟುಪ್ಪಾಡು. ಕರ್ತವ್ಯ, ಘನತೆ, ಶಿಸ್ತು ಎಂದು ನಾವು ಹೇಳಿದರೆ ಅರ್ಥ ಉಳಿಯುತ್ತದೆ, ಪೆಟ್ಟು ಉಳಿಯುವುದಿಲ್ಲ. ಮೂರು ಪದವೂ ‘ಕ’ದಿಂದಲೇ ಎದ್ದು, ಮೂರನೆಯದು ಉದ್ದವಾಗಿ ಬಂದು ಇಳಿಯುತ್ತದೆ. ಮೊದಲಕ್ಷರದ ಈ ಹೊಂದಿಕೆಗೆ ತಮಿಳು ಛಂದಸ್ಸಿನಲ್ಲಿ ‘ಮೋನೈ’ ಎನ್ನುತ್ತಾರೆ. ಇಲ್ಲಿ ಕಿವಿ ಒಪ್ಪಿದ್ದಕ್ಕೆ ಕಾರಣ ಹುಡುಕುವ ಕೆಲಸ ಬುದ್ಧಿಗೆ ಬೀಳುತ್ತದೆ. ಈ ಶೈಲಿಯ ಬಲವೂ ಅದೇ, ಅಪಾಯವೂ ಅದೇ. 1952ರ ‘ಪರಾಶಕ್ತಿ’ ಚಿತ್ರದ ನ್ಯಾಯಾಲಯ ದೃಶ್ಯದಲ್ಲಿ ಎಂ. ಕರುಣಾನಿಧಿ ಬರೆದ ಮಾತನ್ನು ಶಿವಾಜಿ ಗಣೇಶನ್ ಆಡಿದಾಗ ಈ ಶೈಲಿ ಸಿನಿಮಾ ಭಾಷೆಯೂ ಆಯಿತು.

ವೇದಿಕೆಯ ವಾದ ಈಗ ಹೆಚ್ಚಾಗಿ ಕಾಣಸಿಗುವುದು ‘ಪಟ್ಟಿಮನ್ರಂ’ ಎಂಬ ಚರ್ಚಾಕೂಟದಲ್ಲಿ. ಪೊಂಗಲ್, ದೀಪಾವಳಿಯಂದು ಟಿವಿಯಲ್ಲಿ ಎರಡು ತಂಡ ಎದುರುಬದುರು ಕೂರುತ್ತವೆ. ವಿಷಯ ಬಹುಪಾಲು ಮನೆವಾರ್ತೆಯದೇ. ನಡುವೆ ಕೂತವರು ‘ನಡುವರ್’. ಎರಡೂ ಕಡೆಯವರ ಕಾಲೆಳೆದು, ಸಭೆಯನ್ನು ನಗಿಸಿ, ಕೊನೆಗೆ ತೀರ್ಪು ಹೇಳುತ್ತಾರೆ.