ಪ್ಯಾರಿಸ್ಸಿನ ವಾಸ್ತುವಿದ್ಯಾರ್ಥಿಗಳು

ಪ್ಯಾರಿಸ್ ನಗರದಲ್ಲಿ ಸೇನ್ ನದಿಯ ಎಡದಂಡೆಯ ಕಡೆ ಬೋನಾಪಾರ್ಟ್ ಬೀದಿ ಎಂಬುದೊಂದು ಇಕ್ಕಟ್ಟಾದ ಬೀದಿಯುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಆಗಾಗ್ಗೆ ಆ ಬೀದಿಯಲ್ಲಿ ಒಂದು ವಿಚಿತ್ರವಾದ ನೋಟ ಕಾಣುತ್ತಿದ್ದಿತು. ನಿದ್ರೆಗೆಟ್ಟು ಕಣ್ಣು ಕೆಂಪೇರಿದ ತರುಣರ ಗುಂಪೊಂದು ಕೈಬಂಡಿಯನ್ನು ಎಳೆದುಕೊಂಡು ಓಡಿಬರುತ್ತಿತ್ತು. ಬಂಡಿಯ ತುಂಬ ಮರದ ಚೌಕಟ್ಟುಗಳಿಗೆ ಬಿಗಿದ ದೊಡ್ಡ ದೊಡ್ಡ ನಕ್ಷೆಗಳು. ಕೆಲಸ ಮುಗಿಯದಿದ್ದವರು ಬಂಡಿಯ ಪಕ್ಕದಲ್ಲಿ ಓಡುತ್ತಲೇ, ಕುಂಚವನ್ನು ಹಿಡಿದು, ಕಂಬದ ನೆರಳೊಂದನ್ನೋ ಗೋಡೆಯ ಅಂಚೊಂದನ್ನೋ ತಿದ್ದುತ್ತಿದ್ದರೆಂದು ಪ್ರತೀತಿ. ಗಡುವಿನ ಗಂಟೆ ಹೊಡೆಯುವುದರೊಳಗಾಗಿ ಆ ನಕ್ಷೆಗಳು 'ಎಕೋಲ್ ದೆ ಬೋಜಾರ್', ಎಂದರೆ ಲಲಿತಕಲೆಗಳ ಪಾಠಶಾಲೆಯ, ಬಾಗಿಲನ್ನು ದಾಟಬೇಕಾಗಿದ್ದಿತು. ದಾಟದಿದ್ದರೆ ಎರಡು ತಿಂಗಳ ಶ್ರಮ ನೀರಿನಲ್ಲಿ ಹೋಮ. ಕೈಬಂಡಿಗೆ ಫ್ರೆಂಚ್ ಭಾಷೆಯಲ್ಲಿ 'ಶಾರೆತ್' ಎಂದು ಹೆಸರು. ಗಡುವಿನ ಹಿಂದಿನ ರಾತ್ರಿಯ ಅವಸರದ ದುಡಿಮೆಗೆ ಇಂದಿಗೂ ಅನೇಕ ದೇಶಗಳ ವಾಸ್ತುಶಿಲ್ಪಿಗಳು ಆ ಬಂಡಿಯ ಹೆಸರನ್ನೇ ಹೇಳುತ್ತಾರೆ. ಕಾದಂಬರಿಕಾರನಾದ ಎಮಿಲ್ ಜೋಲಾ 1886ರಲ್ಲಿ ಹೊರತಂದ 'ಲೂವ್ರ್' ಎಂಬ ಗ್ರಂಥದಲ್ಲಿ ಇಂತಹ ಒಂದು ರಾತ್ರಿಯ ಗದ್ದಲವನ್ನು ಚಿತ್ರಿಸಿದ್ದಾನೆ.

ಈ ವಿದ್ಯಾರ್ಥಿಗಳು ಕಲಿಯುತ್ತಿದ್ದುದು ಏನನ್ನು, ಕಲಿಯುತ್ತಿದ್ದುದು ಹೇಗೆ ಎಂಬುದನ್ನು ಇಂದು ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ. ವಿದ್ಯಾಲಯದ ಮೂಲವು 1671ರಷ್ಟು ಹಳೆಯದು. ಹದಿನಾಲ್ಕನೆಯ ಲೂಯಿ ದೊರೆಯ ಮಂತ್ರಿಯಾದ ಕೋಲ್ಬೇರನು ಆ ವರ್ಷ ರಾಜಕೀಯ ವಾಸ್ತುಶಿಲ್ಪ ಪರಿಷತ್ತನ್ನು ಸ್ಥಾಪಿಸಿದನು. ಫ್ರಾನ್ಸ್ವಾ ಬ್ಲೊಂದೆಲ್ ಅದರ ಮೊದಲ ಆಚಾರ್ಯ. 1793ರಲ್ಲಿ ಮಹಾಕ್ರಾಂತಿಯು ಪರಿಷತ್ತನ್ನು ಅಳಿಸಿತಾದರೂ ಪಾಠವು ನಿಲ್ಲಲಿಲ್ಲ. ದೊರೆಗಳು ಹೋದರು, ಚಕ್ರವರ್ತಿಗಳು ಬಂದರು, ಪ್ರಜಾಪ್ರಭುತ್ವಗಳು ಎದ್ದುವು, ಬಿದ್ದುವು. ವಿದ್ಯಾರ್ಥಿಗಳು ಮಾತ್ರ ನಕ್ಷೆ ಬರೆಯುತ್ತಲೇ ಇದ್ದರು.

ಆದರೆ ನಕ್ಷೆಯನ್ನು ಬರೆಯುತ್ತಿದ್ದುದು ಪಾಠಶಾಲೆಯಲ್ಲಿ ಅಲ್ಲ ಎಂಬುದೇ ಇಲ್ಲಿನ ವಿಶೇಷ. ಪಾಠಶಾಲೆಯಲ್ಲಿ ಉಪನ್ಯಾಸಗಳು ನಡೆಯುತ್ತಿದ್ದುವು, ಸ್ಪರ್ಧೆಗಳು ನಡೆಯುತ್ತಿದ್ದುವು. ಅಲ್ಲಿ ಶುಲ್ಕವೂ ಇರಲಿಲ್ಲ. ವಿನ್ಯಾಸದ ಅಭ್ಯಾಸವೆಲ್ಲ ಹೊರಗಿನ 'ಅತೆಲಿಯೇ'ಗಳಲ್ಲಿ. ಅತೆಲಿಯೇ ಎಂದರೆ ಬಾಡಿಗೆಗೆ ಹಿಡಿದ ಒಂದು ದೊಡ್ಡ ಕೋಣೆ. ಹಲಗೆಗಳು, ಒಂದು ಒಲೆ, ಹೊಗೆಯಿಂದ ಕಪ್ಪಾದ ಗೋಡೆಗಳು. ವಿದ್ಯಾರ್ಥಿಗಳೇ ತಮ್ಮೊಳಗೊಬ್ಬನನ್ನು 'ಮಾಸಿಯೇ' ಎಂದು ಆರಿಸಿ, ಅವನ ಕೈಗೆ ಚಂದಾ ಹಣ ಕೊಡುತ್ತಿದ್ದರು. ಆ ಹಣದಿಂದ ಬಾಡಿಗೆ, ದೀಪ, ಸೌದೆ ಎಲ್ಲವೂ ನಡೆಯಬೇಕು. 'ಪತ್ರೋಂ' ಎಂದು ಕರೆಯಿಸಿಕೊಳ್ಳುತ್ತಿದ್ದ ಗುರುವು ವಾರಕ್ಕೆ ಎರಡು ಮೂರು ಸಲ ಬಂದು, ಹಲಗೆಯಿಂದ ಹಲಗೆಗೆ ನಡೆದು, ಒಂದೆರಡು ಮಾತನಾಡಿ ಹೊರಟುಹೋಗುವನು. ಉಳಿದ ಹೊತ್ತಿನಲ್ಲಿ ಕಿರಿಯರಿಗೆ ಹಿರಿಯರೇ ಗುರುಗಳು. ಹೊಸಬನು ಕುಂಚ ತೊಳೆಯಬೇಕು, ಒಲೆ ಹಚ್ಚಬೇಕು, ಕೇಳಿದಾಗ ಹಾಡಬೇಕು, ಗಡುವಿನ ದಿನ ಬಂಡಿ ಎಳೆಯಬೇಕು. ಹಿರಿಯನ ನಕ್ಷೆಗೆ ಮಸಿಯ ಛಾಯೆ ತುಂಬುತ್ತ ತುಂಬುತ್ತ, ಗೋಡೆಯ ದಪ್ಪವೆಷ್ಟಿರಬೇಕು, ಕಿಟಕಿಯ ನೆರಳು ಎಷ್ಟು ದೂರ ಬೀಳುವುದು ಎಂಬುದನ್ನು ಅವನು ಕೈಯಿಂದಲೇ ಕಲಿತುಕೊಳ್ಳುತ್ತಿದ್ದನು. ನಮ್ಮ ಸಂಗೀತಗಾರರ ಮನೆಗಳಲ್ಲಿ ಗುರುವಿನ ಹಿಂದೆ ಶ್ರುತಿ ಹಿಡಿದು ಕುಳಿತು ವಿದ್ಯೆ ಕಲಿತವರಿಗೆ ಈ ಪದ್ಧತಿ ಹೊಸದೆನ್ನಿಸಲಾರದು. ಹೊಸಬರ ಮೇಲೆ ನಡೆಯುತ್ತಿದ್ದ ಕುಚೇಷ್ಟೆಗಳು ಎಲ್ಲ ಕಾಲದಲ್ಲಿಯೂ ನಿರುಪದ್ರವಿಗಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಇನ್ನು ಸ್ಪರ್ಧೆಯ ಕ್ರಮ. ನಮಗೆ ಅತ್ಯಂತ ಸ್ವಾರಸ್ಯವಾಗಿ ಕಂಡುದು ಇದೇ. ನಿಗದಿಯಾದ ದಿನ ಬೆಳಗ್ಗೆ ವಿದ್ಯಾರ್ಥಿಯು ಪಾಠಶಾಲೆಗೆ ಹೋಗಿ 'ಲೋಜ್' ಎಂಬ ಚಿಕ್ಕ ಗೂಡನ್ನು ಹೊಗುವನು. ಅಲ್ಲಿ ಅವನ ಕೈಗೆ ಒಂದು ಪ್ರಶ್ನಪತ್ರ ಬರುವುದು: ಒಂದು ಶಾಲೆಯನ್ನೋ ಸಭಾಮಂದಿರವನ್ನೋ ಸ್ನಾನಗೃಹವನ್ನೋ ವಿನ್ಯಾಸಮಾಡು, ಇಷ್ಟು ಕೋಣೆಗಳು, ಇಷ್ಟು ಜಾಗ. ಪುಸ್ತಕವಿಲ್ಲ, ಗುರುವಿಲ್ಲ, ಗೆಳೆಯನಿಲ್ಲ. ಹನ್ನೆರಡು ಗಂಟೆಗಳೊಳಗೆ ಅವನು ಒಂದು ಕರಡನ್ನು ಬರೆದು ಒಪ್ಪಿಸಬೇಕು. ಮೂಲವು ಪಾಠಶಾಲೆಯ ವಶಕ್ಕೆ. ತನಗಾಗಿ ಒಂದು ಪ್ರತಿಯನ್ನು ಮಾತ್ರ ಎತ್ತಿಕೊಳ್ಳಬಹುದು. ಆಮೇಲೆ ಎರಡು ತಿಂಗಳ ಅವಕಾಶ. ಅತೆಲಿಯೇಗೆ ಹಿಂದಿರುಗಿ, ಗುರುವಿನ ಸಲಹೆ ಕೇಳಿ, ಗ್ರಂಥಗಳನ್ನು ತಿರುವಿ, ಆ ಕರಡನ್ನು ಪೂರ್ಣವಾದ ತಳನಕ್ಷೆ, ಮುಂಭಾಗ, ಛೇದನಕ್ಷೆಗಳಾಗಿ ಬೆಳೆಯಿಸಬಹುದು. ಆದರೆ ಮೂಲಭಾವವನ್ನು ಬದಲಾಯಿಸಕೂಡದು. ಅಂಗಳವನ್ನು ನಡುವೆ ಇಟ್ಟಿದ್ದರೆ ಅದು ನಡುವೆಯೇ ಇರಬೇಕು. ಮಹಾದ್ವಾರವನ್ನು ತೆಂಕಣಕ್ಕೆ ತೆರೆದಿದ್ದರೆ ಅದು ಅಲ್ಲಿಯೇ ತೆರೆಯಬೇಕು. ಕೊನೆಯ ದಿನ ಪರೀಕ್ಷಕರು ಕರಡನ್ನೂ ನಕ್ಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವರು. ಹೊಂದದಿದ್ದರೆ, ನಕ್ಷೆಯು ಎಷ್ಟೇ ಸುಂದರವಾಗಿರಲಿ, ಸ್ಪರ್ಧೆಯಿಂದ ಹೊರಕ್ಕೆ.

ಎರಡನೆಯ ವಾರದಲ್ಲಿಯೇ ತನ್ನ ಮೊದಲ ಯೋಚನೆ ತಪ್ಪೆಂದು ಹೊಳೆದ ವಿದ್ಯಾರ್ಥಿಯ ಪಾಡನ್ನು ಊಹಿಸಿಕೊಳ್ಳೋಣ. ಉಳಿದ ಆರು ವಾರಗಳನ್ನೂ ಅವನು ಆ ತಪ್ಪಿನ ಸಂಗಡವೇ ಸಂಸಾರಮಾಡಬೇಕು. ಅದರೊಳಗಿಂದಲೇ ಏನಾದರೂ ಒಳ್ಳೆಯದನ್ನು ಹೊರಡಿಸಬೇಕು. ಇದು ಕ್ರೂರವೇ? ಕಟ್ಟಡ ಕಟ್ಟುವವನಿಗೆ ಇದು ಲೋಕಾನುಭವವೆಂದು ಆ ಪದ್ಧತಿಯ ಪಕ್ಷಪಾತಿಗಳು ಹೇಳುತ್ತಿದ್ದರು. ತಳಹದಿ ಹಾಕಿದ ಮೇಲೆ ಮನಸ್ಸು ಬದಲಾದರೆ ಗೋಡೆ ಬದಲಾಗುವುದಿಲ್ಲ. ಪಾಠಹೇಳುವ ವೃತ್ತಿಯಲ್ಲಿ ವರ್ಷಗಳನ್ನು ಕಳೆದಿರುವ ನಮಗೆ ಇನ್ನೊಂದು ತೋರುತ್ತದೆ. ನಮ್ಮ ಪರೀಕ್ಷೆಗಳಲ್ಲಿ ಹುಡುಗನು ಮೂರು ಗಂಟೆಗಳಲ್ಲಿ ಬರೆದುದನ್ನು ನಾಲ್ಕನೆಯ ಗಂಟೆಗೆ ಮರೆಯುತ್ತಾನೆ. ಅದಕ್ಕೆ ಅವನನ್ನು ಯಾರೂ ಮುಂದೆ ಹೊಣೆಮಾಡುವುದಿಲ್ಲ.

ತೀರ್ಪು ನಡೆಯುತ್ತಿದ್ದುದು ಮುಚ್ಚಿದ ಬಾಗಿಲುಗಳ ಹಿಂದೆ. ಇಂದು ಬೆಂಗಳೂರಿನ ವಾಸ್ತುಶಿಲ್ಪ ಕಾಲೇಜುಗಳಲ್ಲಿ 'ಜ್ಯೂರಿ' ಎಂದರೆ ವಿದ್ಯಾರ್ಥಿಯು ತನ್ನ ನಕ್ಷೆಯ ಮುಂದೆ ನಿಂತು ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳುವುದಷ್ಟೆ. ಪ್ಯಾರಿಸ್ಸಿನಲ್ಲಿ ಅವನಿಗೆ ಒಳಗೆ ಪ್ರವೇಶವೇ ಇರಲಿಲ್ಲ. ನಕ್ಷೆಯೇ ಮಾತನಾಡಬೇಕಾಗಿದ್ದಿತು. ಆದುದರಿಂದಲೇ ಅವರು ಮಸಿಯನ್ನು ಪದರಪದರವಾಗಿ ಬಳಿದು ನೆರಳು ಮೂಡಿಸುವುದರಲ್ಲಿ ಅಷ್ಟು ಶ್ರಮಪಟ್ಟರು. ಕಟ್ಟಲಾರದ ಅರಮನೆಗಳನ್ನೂ ಕಣ್ಣಿಗೆ ಕಟ್ಟುವಂತೆ ಬರೆದರು.

ಎಲ್ಲ ಸ್ಪರ್ಧೆಗಳ ಶಿಖರವೆಂದರೆ ರೋಮ್ ಮಹಾಬಹುಮಾನ. 1720ರಿಂದ ಕ್ರಮವಾಗಿ ನಡೆದುಬಂದ ಇದು ಫ್ರೆಂಚ್ ಪ್ರಜೆಗಳಿಗೆ ಮಾತ್ರ ಮೀಸಲು. ಗೆದ್ದವನು ಸರ್ಕಾರದ ವೆಚ್ಚದಲ್ಲಿ ರೋಮಿಗೆ ಹೋಗಿ, ಮೆದೀಚಿ ಭವನದಲ್ಲಿ ವರ್ಷಗಟ್ಟಲೆ ಇದ್ದು, ಪ್ರಾಚೀನ ಕಟ್ಟಡಗಳ ಅಳತೆಯ ನಕ್ಷೆಗಳನ್ನು ಪ್ಯಾರಿಸ್ಸಿಗೆ ಕಳುಹಿಸಬೇಕು. 1824ರಲ್ಲಿ ಆನ್ರಿ ಲಾಬ್ರೂಸ್ತ್ ಎಂಬ ಇಪ್ಪತ್ತಮೂರು ವರ್ಷದ ತರುಣನು ಈ ಬಹುಮಾನವನ್ನು ಪಡೆದನು. ಅವನು ಇಟಲಿಯ ದಕ್ಷಿಣದಲ್ಲಿರುವ ಪೇಸ್ಟಂ ಎಂಬಲ್ಲಿಯ ಗ್ರೀಕ್ ದೇವಾಲಯಗಳನ್ನು ಅಳೆದು, ಅವುಗಳಲ್ಲೊಂದು ದೇವಾಲಯವೇ ಅಲ್ಲ, ಪುರಜನರ ಸಭಾಭವನವಾಗಿದ್ದಿರಬೇಕು ಎಂದು ವಾದಿಸಿದನು. ಇಂದಿನ ವಿದ್ವಾಂಸರು ಈ ವಾದವನ್ನು ಒಪ್ಪುವುದಿಲ್ಲ, ಅದು ದೇವಾಲಯವೇ. ಆದರೆ ಕಟ್ಟಡದ ರೂಪವನ್ನು ಅದನ್ನು ಕಟ್ಟಿದ ಜನರ ಬಾಳಿನಿಂದ ಅರ್ಥಮಾಡಿಕೊಳ್ಳಬೇಕೆಂಬ ಅವನ ಹಟ ದೊಡ್ಡದು. ಪ್ಯಾರಿಸ್ಸಿನ ಹಿರಿಯರಿಗೆ ಅದು ಉದ್ಧಟತನವಾಗಿ ತೋರಿತು. ರೋಮಿನಲ್ಲಿ ನಿರ್ದೇಶಕನಾಗಿದ್ದ ಚಿತ್ರಕಾರ ಓರಾಸ್ ವೆರ್ನೆ ಆ ತರುಣನ ಪರವಾಗಿ ನಿಂತು ಪರಿಷತ್ತಿನೊಡನೆ ಜಗಳವಾಡಿದನು. ಲಾಬ್ರೂಸ್ತನು ಹಿಂದಿರುಗಿ 1830ರಲ್ಲಿ ತನ್ನದೇ ಅತೆಲಿಯೇ ತೆರೆದನು; 1856ರವರೆಗೆ ನಡೆಸಿದನು. ಅಷ್ಟು ವರ್ಷಗಳಲ್ಲಿ ಅವನ ಶಿಷ್ಯರಲ್ಲಿ ಒಬ್ಬನಿಗೂ ಮಹಾಬಹುಮಾನ ದೊರೆಯಲಿಲ್ಲ. ಗುರುವಿನ ಮೇಲಿನ ಮುನಿಸನ್ನು ಶಿಷ್ಯರು ತೀರಿಸಬೇಕಾಯಿತು. ಇಷ್ಟಾದರೂ ಅವರು ಅವನ ಬಳಿಯೇ ಬರುತ್ತಿದ್ದರು ಎಂಬುದನ್ನು ನೆನೆದರೆ ಆ ತರುಣರಲ್ಲಿ ಗೌರವ ಹುಟ್ಟುತ್ತದೆ.

ಅವನು ಕಟ್ಟಿದ ಸೇಂತ್-ಜೆನೆವಿಯೇವ್ ಗ್ರಂಥಭಂಡಾರವು 1851ರಲ್ಲಿ ತೆರೆಯಿತು. ಹೊರಗೋಡೆಯ ಮೇಲೆ 810 ಗ್ರಂಥಕರ್ತರ ಹೆಸರುಗಳನ್ನು ಕೊರೆಯಿಸಿದ್ದಾನೆ. ಒಳಗೆ ಸಣ್ಣನೆಯ ಕಬ್ಬಿಣದ ಕಂಬಗಳು, ಅವುಗಳ ಮೇಲೆ ಕಬ್ಬಿಣದ ಕಮಾನುಗಳು. ಸಂಜೆಯಾದ ಮೇಲೂ ಓದಲು ಅನಿಲದೀಪಗಳಿದ್ದುವು. ಅಲ್ಲಿ ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ.

ಪಾಠಶಾಲೆಯನ್ನು ತಿದ್ದುವ ಪ್ರಯತ್ನವು ಮೇಲಿನಿಂದಲೂ ನಡೆಯಿತು. ಮೂರನೆಯ ನೆಪೋಲಿಯನ್ ಚಕ್ರವರ್ತಿಯು 1863ರಲ್ಲಿ ಒಂದು ಶಾಸನವನ್ನು ಹೊರಡಿಸಿ, ಪರಿಷತ್ತಿನ ಅಧಿಕಾರವನ್ನು ಮೊಟಕುಮಾಡಿ, ಕಲೆಯ ಇತಿಹಾಸವನ್ನು ಬೋಧಿಸಲು ವಿಯೊಲೆ-ಲ-ದ್ಯೂಕನನ್ನು ನೇಮಿಸಿದನು. ಇವನು ನೋತ್ರ್ ದಾಮ್ ದೇವಾಲಯವನ್ನು ಜೀರ್ಣೋದ್ಧಾರ ಮಾಡಿದ ಮಹಾಪಂಡಿತ. ಪಾಠಶಾಲೆಯಲ್ಲಿ ಎಂದೂ ಓದದವನು. 1864ರ ಆರಂಭದಲ್ಲಿ ಅವನು ಉಪನ್ಯಾಸಕ್ಕೆ ನಿಂತಾಗ ವಿದ್ಯಾರ್ಥಿಗಳು ಕೂಗಿ, ಸಿಳ್ಳುಹಾಕಿ, ಮಾತು ಕೇಳಿಸದಂತೆ ಮಾಡಿದರು. ಕೆಲವು ಉಪನ್ಯಾಸಗಳಾದ ಮೇಲೆ ಅವನು ರಾಜೀನಾಮೆ ಕೊಟ್ಟನು. ತರುಣರು ಹಳತನ್ನು ಕಾಪಾಡಲು ಹೀಗೆ ಎದ್ದುದೇಕೆಂದು ಆಶ್ಚರ್ಯವಾಗಬಹುದು. ಅದೇ ಶಾಸನವು ಮಹಾಬಹುಮಾನದ ವಯೋಮಿತಿಯನ್ನು 30ರಿಂದ 25ಕ್ಕೆ ಇಳಿಸಿತ್ತು ಎಂಬುದನ್ನು ಕೇಳಿದರೆ ಆಶ್ಚರ್ಯ ಕಡಮೆಯಾಗುವುದು. ಹತ್ತು ವರ್ಷ ಬಂಡಿ ಎಳೆದವನ ಎದುರಿನಲ್ಲಿ ಬಾಗಿಲು ಮುಚ್ಚಿದಂತಾಯಿತು. ಮಿತಿಯು ಮುಂದೆ ಮತ್ತೆ 30ಕ್ಕೆ ಏರಿತು.

ಬಾಗಿಲ ಮಾತು ಬಂದುದರಿಂದ ಜೂಲಿಯಾ ಮಾರ್ಗನ್ ಎಂಬ ಮಹಿಳೆಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆವು. ಕ್ಯಾಲಿಫೋರ್ನಿಯಾದಲ್ಲಿ ಇಂಜಿನಿಯರಿಂಗ್ ಪದವಿಯನ್ನು ಪಡೆದ ಈಕೆ 1896ರಲ್ಲಿ ಪ್ಯಾರಿಸ್ಸಿಗೆ ಬಂದಳು. ಆಗ ಪಾಠಶಾಲೆಯಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಮರುವರ್ಷ ಪ್ರವೇಶ ದೊರೆಯಿತು. ಪರೀಕ್ಷೆ ಮಾತ್ರ ಒಲಿಯಲಿಲ್ಲ. ಎರಡು ಸಲ ಸೋತಳು. ಹುಡುಗಿಯರಿಗೆ ಉತ್ತೇಜನ ಕೊಡಬಾರದೆಂದು ಪರೀಕ್ಷಕರು ಬೇಕೆಂದೇ ತನ್ನನ್ನು ಹಿಂದಕ್ಕೆ ತಳ್ಳಿದರೆಂಬ ಸುದ್ದಿಯನ್ನು ಅವಳು ಕಾಗದದಲ್ಲಿ ಬರೆದಿದ್ದಾಳೆ. 1898ರಲ್ಲಿ ಮೂರನೆಯ ಸಲ ಕುಳಿತು ಹದಿಮೂರನೆಯ ಸ್ಥಾನದಲ್ಲಿ ತೇರ್ಗಡೆಯಾದಳು. ವಯಸ್ಸು ಆಗಲೇ ಇಪ್ಪತ್ತಾರು. ಮೂವತ್ತು ತುಂಬಿದರೆ ವಿದ್ಯಾರ್ಥಿದೆಸೆ ಮುಗಿಯಿತು. ಅಷ್ಟರೊಳಗೆ ಬೇಕಾದ ಪದಕಗಳನ್ನೆಲ್ಲ ಸಂಪಾದಿಸಿ, 1902ರಲ್ಲಿ ಅರ್ಹತಾಪತ್ರವನ್ನು ಪಡೆದಳು. ವಾಸ್ತುಶಿಲ್ಪದಲ್ಲಿ ಆ ಪಾಠಶಾಲೆಯ ಅರ್ಹತಾಪತ್ರ ಪಡೆದ ಸ್ತ್ರೀಯರಲ್ಲಿ ಇವಳೇ ಮೊದಲಿಗಳು. ಸ್ವದೇಶಕ್ಕೆ ಮರಳಿ, 1906ರ ಭೂಕಂಪದಲ್ಲಿ ಹಾಳಾದ ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ಹೋಟೆಲನ್ನು ಸರಿಪಡಿಸಿದಳು. ಜೀವಮಾನದಲ್ಲಿ ನೂರಾರು ಕಟ್ಟಡಗಳನ್ನು ಕಟ್ಟಿಸಿದಳು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯು ತನ್ನ ಸ್ವರ್ಣಪದಕವನ್ನು ಅವಳಿಗೆ ಕೊಟ್ಟುದು 2014ರಲ್ಲಿ, ಅವಳು ತೀರಿಕೊಂಡು 57 ವರ್ಷಗಳಾದ ಮೇಲೆ.

ಅದೇ ಕಾಲದ ತೋನಿ ಗಾರ್ನಿಯೇ ಎಂಬುವನು 1899ರಲ್ಲಿ ಮಹಾಬಹುಮಾನವನ್ನು ಗೆದ್ದು ರೋಮಿಗೆ ಹೋದನು. ಹಾಳುಗೋಡೆಗಳನ್ನು ಅಳೆಯುವುದರ ನಡುವೆಯೇ, ಕಾರ್ಮಿಕರಿಗೆ ಮನೆ, ಶಾಲೆ, ಆಸ್ಪತ್ರೆಗಳುಳ್ಳ ಒಂದು ಕೈಗಾರಿಕಾ ನಗರದ ನಕ್ಷೆಯನ್ನು ಬರೆಯತೊಡಗಿದನು. ಹಿರಿಯರಿಗೆ ಇದೂ ರುಚಿಸಲಿಲ್ಲ.

1968ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ಪಾಠಶಾಲೆಯನ್ನು ತಾವೇ ಆಕ್ರಮಿಸಿಕೊಂಡು, ಅಲ್ಲಿನ ಕೋಣೆಗಳಲ್ಲಿ ರಾತ್ರಿಯೆಲ್ಲ ಭಿತ್ತಿಪತ್ರಗಳನ್ನು ಅಚ್ಚುಮಾಡಿದರು. ಮಹಾಬಹುಮಾನವು ಆ ವರ್ಷ ನಿಂತಿತು. ಡಿಸೆಂಬರಿನ ಶಾಸನವೊಂದು ವಾಸ್ತುಶಿಲ್ಪವನ್ನು ಪಾಠಶಾಲೆಯಿಂದ ಬೇರ್ಪಡಿಸಿ, ಪ್ಯಾರಿಸ್ಸಿನಲ್ಲಿಯೂ ಪ್ರಾಂತಗಳಲ್ಲಿಯೂ ಹೊಸ ಘಟಕಗಳಿಗೆ ಹಂಚಿತು. ಬೋನಾಪಾರ್ಟ್ ಬೀದಿಯ ಭವನದಲ್ಲಿ ಈಗ ಚಿತ್ರಕಾರರೂ ಶಿಲ್ಪಿಗಳೂ ಕಲಿಯುತ್ತಾರೆ. ಮಹಾಬಹುಮಾನದ ಹಳೆಯ ನಕ್ಷೆಗಳು ಅಲ್ಲಿಯ ಸಂಗ್ರಹದಲ್ಲಿಯೇ ಉಳಿದಿವೆ. 1824ರಲ್ಲಿ ಲಾಬ್ರೂಸ್ತನು ಬರೆದ ನ್ಯಾಯಸ್ಥಾನವೂ ಅವುಗಳಲ್ಲೊಂದು. ಅದನ್ನು ಯಾರೂ ಎಲ್ಲಿಯೂ ಕಟ್ಟಲಿಲ್ಲ.