ಬೆಕ್ಕಿಗೂ ಆಪರೇಷನ್ನಾ?

‘ದನದ ಡಾಕ್ಟ್ರು’ ಅನ್ನೋ ಮಾತಲ್ಲೇ ಇತಿಹಾಸ ಇದೆ ನೋಡ್ರಿ. 1762ರಲ್ಲಿ ಫ್ರಾನ್ಸಿನ ಲಿಯೋಂನಲ್ಲಿ ಮೊದಲ ಪಶುವೈದ್ಯ ಶಾಲೆ ತೆರೆದಾಗ ಇದ್ದಿದ್ದು ಕುದುರೆ, ದನಗಳ ಚಿಂತೆ. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬಂದಿದ್ದು 1958ರಲ್ಲಿ. ಆಗ ಎತ್ತು, ಹಸು ಉಳಿದ್ರೆ ಸಂಸಾರ ಉಳೀತಿತ್ತು. ಬೆಕ್ಕಿಗೆ ಏಟಾದ್ರೆ ಅಟ್ಟದ ಮೂಲೇಲಿ ಮಲಗಿ ತಾನೇ ವಾಸಿಯಾಗ್ಬೇಕು, ಇಲ್ಲಾಂದ್ರೆ ಇಲ್ಲ.

ಅದಕ್ಕೇ, ಹೋದ ವರ್ಷ ಇಲ್ಲೇ ಜಾಲಹಳ್ಳೀಲಿ ನಮ್ಮ ಚಿನ್ನಿ ಬೈಕಿಗೆ ಸಿಕ್ಕಿ ತೊಡೆ ಮೂಳೆ ಮುರ್ಕೊಂಡಾಗ, “ಬೆಕ್ಕಿಗೂ ಆಪರೇಷನ್ನಾ?” ಅಂತ ಅತ್ತೆ ಕೇಳಿದ್ದು ಕಲ್ಲು ಮನಸ್ಸಿಂದಲ್ಲ. ಅವರ ಕಾಲ ಹಂಗಿತ್ತು.

ನನ್ನ ಭಯ ದುಡ್ಡಿಗಿಂತ ಮತ್ತಿನ ಔಷಧಿದು. ಕಣ್ಣು ಬಿಡದೇ ಹೋದ್ರೆ? ಬ್ರಿಟನ್ನಿನಲ್ಲಿ ಸಾವಿರಾರು ಬೆಕ್ಕುಗಳ ಲೆಕ್ಕ ಇಟ್ಟು 2008ರಲ್ಲಿ ಪ್ರಕಟಿಸಿದ್ರು. ಮತ್ತು ಕೊಟ್ಟಾಗ ಆರೋಗ್ಯವಾಗಿದ್ದವುಗಳಲ್ಲಿ ಸತ್ತಿದ್ದು ಸುಮಾರು 900ಕ್ಕೆ ಒಂದು, ಕಾಯಿಲೆ ಇದ್ದವುಗಳಲ್ಲಿ ಸುಮಾರು 70ಕ್ಕೆ ಒಂದು. ಹಂಗಾಗಿಯೇ ಡಾಕ್ಟ್ರು ಮೊದಲು ಡ್ರಿಪ್ಸು, ನೋವಿನ ಇಂಜೆಕ್ಷನ್ನು ಕೊಟ್ಟು, ಎದೆ ಎಕ್ಸ್‌ರೇ ನೋಡಿ, ಜೀವ ಸುಧಾರಿಸಿದ ಮೇಲೆ ಕತ್ತರಿ ಹಿಡಿಯೋದು. ಸೊಂಟದ ಮೂಳೆಯಾದ್ರೆ ಎಷ್ಟೋ ಸಲ ಬೋನಲ್ಲಿ ಕೆಲವು ವಾರ ಕೂಡಿಟ್ಟರೇ ಕೂಡ್ಕೊಳುತ್ತೆ. ತೊಡೆ ಮೂಳೆಗೆ ಕಟ್ಟು ನಿಲ್ಲಲ್ಲ. ಎರಡು ದಿನ ಕಾದು ಮಾಡಿಸಿದ್ವಿ. ಚಿನ್ನಿ ಈಗ ಸ್ವಲ್ಪ ಕುಂಟುತ್ತೆ, ಕಾಂಪೌಂಡ್ ಮಾತ್ರ ಹಾರುತ್ತೆ.

ನಿಮ್ಮನೇಲೂ ಇಂಥ ದಿನ ಬಂದ್ರೆ ಮೂರು ಮಾತು ಕೇಳಿ: ಮಾಡಿಸದಿದ್ರೆ ಏನಾಗುತ್ತೆ? ಮತ್ತು ತಡ್ಕೊಳೋ ಶಕ್ತಿ ಬಂದಿದ್ಯಾ? ಆಮೇಲೆ ನೋವಿಲ್ಲದೆ ಬಾಳುತ್ತಾ? ಮೂರನೇದಕ್ಕೆ ‘ಇಲ್ಲ’ ಅಂದ್ರೆ, ಬೇಡ ಅನ್ನೋದೂ ಪ್ರೀತಿನೇ ಕಣ್ರೀ.