ತೋಟದ ಊರಿನ ರಂಗಮಂದಿರ

ಸಾಗರದ ಸುತ್ತಮುತ್ತ ಹಳೆಯದನ್ನು ಕಾಯುವ ಕೆಲಸ ಬಹುಕಾಲದಿಂದ ನಡೆದಿದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮುಂದೆ ಪುರಾತತ್ವ ಇಲಾಖೆಯ ಫಲಕವಿದೆ. ಕೆಳದಿಯಲ್ಲಿ ನಾಯಕರ ಕಾಲದ ದೇಗುಲವೂ ವಸ್ತುಸಂಗ್ರಹಾಲಯವೂ ಇವೆ. ಹೊಸನಗರದ ಕಡೆಗೆ ಇಳಿದರೆ 1763ರಲ್ಲಿ ಹೈದರನ ಕೈಸೇರಿದ ಬಿದನೂರಿನ ಕೋಟೆ ಸಿಗುತ್ತದೆ, ತೀರ್ಥಹಳ್ಳಿಯ ಕಡೆಗೆ ತಿರುಗಿದರೆ ಕುಪ್ಪಳಿಯ ಕವಿಮನೆ. ಆದರೆ ಈ ಸೀಮೆಯ ಹೆಸರನ್ನು ದೂರದೂರಕ್ಕೆ ಒಯ್ದ ಕಟ್ಟಡದ ಮುಂದೆ ಇಲಾಖೆಯ ಫಲಕವಿಲ್ಲ. ಅದು ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರ.

ಹೆಗ್ಗೋಡು ಸಾಗರದಿಂದ ಸುಮಾರು 8 ಕಿಲೋಮೀಟರ್. ಪೇಟೆ ಎನ್ನುವಂಥ ಪೇಟೆಯೇನಿಲ್ಲ. ಅಡಿಕೆ ತೋಟ, ತೋಟಕ್ಕೊಂದು ಸೊಪ್ಪಿನಬೆಟ್ಟ, ಒಂದರಿಂದ ಇನ್ನೊಂದಕ್ಕೆ ಕೂಗಿದರೂ ಕೇಳದಷ್ಟು ದೂರದೂರದ ಮನೆಗಳು. ತಾಳಮದ್ದಲೆ, ಯಕ್ಷಗಾನ ಬಯಲಾಟಗಳಿಗೆ ರಾತ್ರಿಯಿಡೀ ಕೂತು ರೂಢಿಯಾದ ಜನ. 1949ರಲ್ಲಿ ಊರಿನ ಕೆಲವರು ಸೇರಿ ನಾಟಕಕ್ಕೆಂದು ಸಂಘ ಕಟ್ಟಿದಾಗ ಅದಕ್ಕೆ ಊರ ದೇವರ ಹೆಸರನ್ನೇ ಇಟ್ಟರು: ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಮೊದಲಕ್ಷರಗಳು ಕೂಡಿ ನೀನಾಸಂ ಆಯಿತು. ಮುಂದೆ ಅದರ ಜೀವಾಳವಾದ ಕೆ.ವಿ. ಸುಬ್ಬಣ್ಣನವರಿಗೆ ಆಗ 17 ವರ್ಷ.

ಕಾಲವೂ ಸುಮ್ಮನಿರುವ ಕಾಲವಲ್ಲ. ಎರಡೇ ವರ್ಷಕ್ಕೆ, 1951ರ ಏಪ್ರಿಲ್‌ನಲ್ಲಿ, ನೆರೆಯ ಕಾಗೋಡಿನ ಗೇಣಿದಾರರು ತಿರುಗಿ ನಿಂತರು. ಜಗಳ ಶುರುವಾದದ್ದು ಒಂದು ಕೊಳಗದಿಂದ. ಗೇಣಿಯ ಭತ್ತ ಅಳೆಯುವಾಗ ಒಡೆಯರ ಕೊಳಗ ಅಳತೆಗಿಂತ ದೊಡ್ಡದಿರುತ್ತಿತ್ತು. ಕೊಳಗ ತುಂಬಿದಷ್ಟು ಸಲವೂ ಉತ್ತವನ ಪಾಲು ಒಂದಿಷ್ಟು ಕರಗುತ್ತಿತ್ತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿಯ ಆರಗದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಹೋದರು. ಮೂರು ತಾಲ್ಲೂಕುಗಳನ್ನು ಒಂದೇ ಗಾಳಿ ಬೀಸಿ ಎಬ್ಬಿಸಿದ ದಿನಗಳವು. ನೀನಾಸಂ ಕಥೆಯನ್ನು ಬರೀ ನಾಟಕದ ಕಥೆಯಾಗಿ ಹೇಳಿದರೆ ಈ ಗಾಳಿ ಬಿಟ್ಟುಹೋಗುತ್ತದೆ. ಒಳ್ಳೆಯ ನಾಟಕ ನೋಡುವುದೂ ಹಳ್ಳಿಯವನ ಹಕ್ಕಿನ ಪಾಲು, ಅದನ್ನು ಅಳೆಯುವ ಕೊಳಗವೂ ಸರಿಯಿರಬೇಕು ಎಂಬ ಹಟ ಸುಬ್ಬಣ್ಣನವರ ಕೆಲಸದುದ್ದಕ್ಕೂ ಕಾಣುತ್ತದೆ.

ಮೈಸೂರಿನಲ್ಲಿ ಕುವೆಂಪು ಅವರ ಶಿಷ್ಯರಾಗಿ ಓದಿದ ಸುಬ್ಬಣ್ಣ ನಗರದಲ್ಲಿ ನಿಲ್ಲದೆ ತೋಟಕ್ಕೆ ಮರಳಿದರು. 1957ರಲ್ಲಿ ಅಕ್ಷರ ಪ್ರಕಾಶನ ತೆರೆದರು. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಯ ಬೆನ್ನಿಗೆ ನಿಂತದ್ದೂ ಈ ಪ್ರಕಾಶನವೇ.

ರಂಗಮಂದಿರ ಎದ್ದದ್ದು 1972ರಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಲು ಇನ್ನೂ ಒಂದು ವರ್ಷವಿತ್ತು. ಹೆಸರು ಹೊತ್ತ ಶಿವರಾಮ ಕಾರಂತರಿಗೆ ಆಗ 70. ಜ್ಞಾನಪೀಠ ಬರಲು ಐದು ವರ್ಷ ಬಾಕಿ. ಜಿಲ್ಲಾ ಕೇಂದ್ರಗಳೇ ಸರಿಯಾದ ನಾಟಕಶಾಲೆಗಾಗಿ ಹಂಬಲಿಸುತ್ತಿದ್ದ ಹೊತ್ತಿನಲ್ಲಿ ಅಡಿಕೆ ತೋಟಗಳ ನಡುವೆ ರಂಗ, ಬೆಳಕು, ಪ್ರೇಕ್ಷಕರ ಸಾಲುಗಳೆಲ್ಲ ಇರುವ ಮಂದಿರ ಸಿದ್ಧವಾಯಿತು. ಚಪ್ಪರ ಹಾಕಿ ಕೀಳುವ ತಾಪತ್ರಯ ತಪ್ಪಿತು. ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ: ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಯಲಿನ ಯಾವ ಆಟಕ್ಕೂ ಎಡೆ ಕೊಡುವುದಿಲ್ಲ.

ಮರುವರ್ಷ ಚಿತ್ರಸಮಾಜ ಹುಟ್ಟಿತು. ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದ್ದೂರ್ ಹೆಗ್ಗೋಡಿಗೆ ಬಂದು ರಸಗ್ರಹಣ ಶಿಬಿರ ನಡೆಸಿದರು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ಕುರೊಸಾವಾನ ‘ರಾಶೋಮನ್’, ಡಿ ಸಿಕಾನ ‘ಬೈಸಿಕಲ್ ಥೀವ್ಸ್’ ಚಿತ್ರಗಳನ್ನು ಹಳ್ಳಿಯ ಜನ ನೋಡಿದರು. ಹಳ್ಳಿಯವರಿಗೆ ಇವೆಲ್ಲ ಅರ್ಥವಾದೀತೇ ಎಂದು ಅನುಮಾನಿಸಿದವರಿದ್ದರು. ಆದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಬಗೆಯಾಗುವ ಕಥೆಯಾಗಲಿ, ದುಡಿಮೆಗೆ ಬೇಕಾದ ಸೈಕಲ್ ಕಳಕೊಂಡವನ ಸಂಕಟವಾಗಲಿ, ರಾತ್ರಿಯಿಡೀ ತಾಳಮದ್ದಲೆಯ ವಾದ-ಪ್ರತಿವಾದ ಕೇಳಿದ ಕಿವಿಗೆ, ಫಸಲು ಕೈಕೊಟ್ಟ ವರ್ಷ ಕಂಡ ಕಣ್ಣಿಗೆ ಪರಕೀಯವೇನಲ್ಲ.

1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ರಾಜ್ಯದ ಮೂಲೆಮೂಲೆಯ ಹುಡುಗ ಹುಡುಗಿಯರು ಬಂದು ಅಭಿನಯ, ಪ್ರಸಾಧನ, ಬೆಳಕು, ರಂಗಸಜ್ಜಿಕೆ ಕಲಿತು ಊರುಗಳಿಗೆ ಹೋಗಿ ತಂಡ ಕಟ್ಟಿದರು. ಚಿದಂಬರರಾವ್ ಜಂಬೆ ಅವರಂಥ ಗುರುಗಳು ಇಲ್ಲಿ ವರ್ಷಗಟ್ಟಲೆ ದುಡಿದರು. ಜನಸ್ಪಂದನ ಯೋಜನೆಯಲ್ಲಿ ನೀನಾಸಂನವರು ಉತ್ತರ ಕನ್ನಡದ ಮಂಚೀಕೇರಿಗೆ ಹೋಗಿ ಸಿದ್ದಿ ಸಮುದಾಯದವರೊಂದಿಗೆ ನಾಟಕ ಮಾಡಿದ್ದು ಕನ್ನಡ ರಂಗಭೂಮಿಯ ದೊಡ್ಡ ಘಟನೆಗಳಲ್ಲೊಂದು.

1985ರಲ್ಲಿ ‘ತಿರುಗಾಟ’ ಹೊರಟಿತು. ಮಾತು ಯಕ್ಷಗಾನ ಮೇಳಗಳದ್ದು. ಮಳೆಗಾಲ ಮುಗಿದ ಮೇಲೆ ಮೇಳ ಊರೂರು ಸುತ್ತುವುದಕ್ಕೆ ಇಲ್ಲಿಯ ಜನ ಅನ್ನುವುದೇ ತಿರುಗಾಟ. ನೀನಾಸಂ ಆ ಮಾತನ್ನೂ ಆ ಕ್ರಮವನ್ನೂ ಎತ್ತಿಕೊಂಡಿತು. ಮಳೆಗಾಲದಲ್ಲಿ ರಂಗಮಂದಿರದೊಳಗೆ ತಾಲೀಮು, ಮಳೆ ಬಿಟ್ಟೊಡನೆ ಪರದೆ, ಪೆಟ್ಟಿಗೆ, ದೀಪಗಳನ್ನು ವಾಹನಕ್ಕೇರಿಸಿ ಹೊರಡುವುದು. ಕಾಳಿದಾಸ, ಶೇಕ್ಸ್‌ಪಿಯರ್, ಬ್ರೆಕ್ಟ್ ಎಲ್ಲರೂ ಕನ್ನಡ ಮಾತಾಡುತ್ತ ತಾಲ್ಲೂಕು ಕೇಂದ್ರಗಳ ಶಾಲಾ ಮೈದಾನಗಳಿಗೆ ಬಂದಿಳಿದರು.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರ ಜುಲೈ 16ರಂದು ಅವರು ತೀರಿಕೊಂಡಾಗ ಸಂಸ್ಥೆ ಏನಾದೀತೋ ಎಂಬ ಅಳುಕಿತ್ತು. ಮಗ ಕೆ.ವಿ. ಅಕ್ಷರ ಮತ್ತು ಜೊತೆಗಾರರು ಅದನ್ನು ಮುಂದಕ್ಕೆ ನಡೆಸಿದರು. ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ವರ್ಷವರ್ಷವೂ ಕೂತು ಮಾತಾಡುತ್ತಿದ್ದ ಸಂಸ್ಕೃತಿ ಶಿಬಿರ ಇಲ್ಲಿಯ ದೊಡ್ಡ ಹಬ್ಬ. ಹಗಲೆಲ್ಲ ಚರ್ಚೆ, ಸಂಜೆಯಾದರೆ ನಾಟಕ. ದೂರದಿಂದ ಬಂದ ಶಿಬಿರಾರ್ಥಿಗಳ ಜೊತೆ ಊರವರೂ ಬಂದು ಕೂರುತ್ತಾರೆ: ತೋಟದ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಬಂದವರು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ಅಮ್ಮಂದಿರು. ನಾಟಕ ಮುಗಿದ ಮೇಲೆ ಬ್ಯಾಟರಿ ಬೆಳಕು ಬಿಟ್ಟುಕೊಂಡು ತೋಟದ ದಾರಿ ಹಿಡಿಯುವ ಅವರ ಮಾತು ನಾಟಕದ ಮೇಲೆಯೇ ಇರುತ್ತದೆ. ಪಾತ್ರ ಚೆನ್ನಾಗಿತ್ತೇ, ಹೋದ ವರ್ಷದವನು ಇವನಿಗಿಂತ ಹೇಗೆ, ಕೊನೆಯ ದೃಶ್ಯ ಎಳೆಯಿತೇ ಎಂಬ ವಿಚಾರಣೆ ಮನೆಯ ದಣಪೆ ದಾಟುವವರೆಗೂ ನಡೆಯುತ್ತದೆ.